ಫ್ರಿಜ್ ಮೇಷ್ಟ್ರ ಸಹಿ

"ಮೆಲ್ಲಗೆ ಬನ್ನಿ. ಅವರು ಕೆಲಸದಲ್ಲಿದ್ದಾರೆ."

ಮೇಷ್ಟ್ರ ಹೆಂಡತಿ ಹೀಗೆ ಪಿಸುಗುಟ್ಟಿ ಕೋಣೆಯ ಬಾಗಿಲು ತಳ್ಳಿದಾಗ ಮೀಟರಮ್ಮನ ಕಾಲು ಹೊಸ್ತಿಲಲ್ಲೇ ನಿಂತುಬಿಟ್ಟಿತು. ಮೇಷ್ಟ್ರು ತೀರಿಕೊಂಡು ಎಂಟು ತಿಂಗಳಾಗಿತ್ತು. ಹಾಗೆಂದು ಹೇಳಿದವರು ಬೇರೆ ಯಾರೂ ಅಲ್ಲ, ಇದೇ ಹೆಂಗಸು, ಐದು ನಿಮಿಷದ ಹಿಂದೆ, ಮುಂಬಾಗಿಲಲ್ಲಿ ನಿಂತು.

ಮೀಟರಮ್ಮ ತಿರುಗಿ ಅಳಿಯನ ಮುಖ ನೋಡಿದಳು. ಅವನು ಆಗಷ್ಟೇ ತಗ್ಗು ಬಾಗಿಲಿಗೆ ಹಣೆ ಚಚ್ಚಿಕೊಂಡು ಉಜ್ಜಿಕೊಳ್ಳುತ್ತಿದ್ದ. ಈ ಮನೆಗೆ ಇದೇ ಮೊದಲ ಸಲ ಬರುತ್ತಿದ್ದೇನೆ ಎಂದು ದಾರಿಯುದ್ದಕ್ಕೂ ಹೇಳಿದ್ದ. ಹಣೆ ಚಚ್ಚಿಕೊಂಡ ರೀತಿ ನೋಡಿದರೆ ಅದು ಸುಳ್ಳಲ್ಲ ಎನ್ನಿಸಿತು. ಒಮ್ಮೆ ಚಚ್ಚಿಕೊಂಡವನು ಎರಡನೇ ಸಲ ತಾನಾಗಿ ಬಗ್ಗುತ್ತಾನೆ.

ಕೋಣೆಯಲ್ಲಿ ಕುರ್ಚಿಯಿತ್ತು, ಕುರ್ಚಿಯ ಮೇಲೆ ಯಾರೂ ಇರಲಿಲ್ಲ. ಗೋಡೆಯ ಉದ್ದಕ್ಕೂ ಒಂದು ಮರದ ಕಪಾಟು. ಅದರ ಮೇಲೆ ಸಾಲಾಗಿ ಇಪ್ಪತ್ತೆರಡು ಹಸಿರು ಸರ್ಕ್ಯೂಟ್ ಹಲಗೆಗಳು, ಒಂದೊಂದೂ ಅಂಗೈಯಗಲ. ಪ್ರತಿಯೊಂದರಲ್ಲೂ ಸಾಸಿವೆಯಷ್ಟು ದೀಪ. ಒಂದು ಹತ್ತಿ ಆರುತ್ತಿತ್ತು, ಅದರ ಪಕ್ಕದ್ದು ಹತ್ತುತ್ತಿತ್ತು. ಒಂದು ಚೂರೂ ಧೂಳಿರಲಿಲ್ಲ.

"ನೋಡಿ, ಈಗಷ್ಟೇ ಒಂದು ಮುಗಿಸಿದ್ರು" ಎಂದರು ಮೇಷ್ಟ್ರ ಹೆಂಡತಿ.

ಮೇಜಿನ ಮೇಲಿನ ಪರದೆಯಲ್ಲಿ ಒಂದು ಸಾಲು ತಾನೇ ತಾನಾಗಿ ಮೂಡಿತು. "ಪರೀಕ್ಷಿಸಿದೆ, ಸರಿಯಿದೆ. ಫ್ರಿಜ್ ಮೇಷ್ಟ್ರು."

ಈ ಸಾಲನ್ನೇ ಮೀಟರಮ್ಮ ಬೆಳಗ್ಗೆ ಅಳಿಯನ ಕಂಪ್ಯೂಟರಿನಲ್ಲಿ ಕಂಡಿದ್ದಳು. ಆಗಿನ ಸಾಲಿನ ಮುಂದೆ ಆರು ವಾರದ ಹಿಂದಿನ ತಾರೀಕಿತ್ತು. ಅವರು ತೀರಿಕೊಂಡಿದ್ದಾರೆಂದು ಅಳಿಯ ಹೇಳಿದ್ದ; ಸತ್ತವರು ಸಹಿ ಹಾಕುವುದು ಹೇಗೆ ಎಂದು ತಲೆಬುಡ ತಿಳಿಯದೆಯೇ ಊರಿನ ಈ ತುದಿಯವರೆಗೆ ಓಡಿ ಬಂದದ್ದು.

ಓಡಿ ಬರಲೇಬೇಕಿತ್ತು. ಮಂಗಳವಾರ ಲಸಿಕೆಯ ಶೀತಲ ಕೋಣೆಯ ಬಾಗಿಲು ಎಂಬತ್ತು ನಿಮಿಷ ತೆರೆದಿತ್ತೆಂದು ಬಾಗಿಲಿನ ಒಳಮೈಗೆ ಅಂಟಿಸಿದ್ದ, ತೆರೆದದ್ದು ಮುಚ್ಚಿದ್ದನ್ನು ದಾಖಲಿಸುವ ಬೆಂಕಿಪೊಟ್ಟಣದಷ್ಟು ಡಬ್ಬಿಯೊಂದು ಸಾಕ್ಷಿ ಹೇಳಿತ್ತು. ಬೀಗದ ಕೈ ಇದ್ದದ್ದು ಮೀಟರಮ್ಮನ ತಂಗಿಯ ಕೈಯಲ್ಲಿ. ಎರಡು ಸಾವಿರ ಮಕ್ಕಳ ಲಸಿಕೆ ಡಬ್ಬಿಯ ಒಂದು ಮಾತಿಗೆ ಚರಂಡಿ ಪಾಲಾಯಿತು. ಇವತ್ತು ನಾಲ್ಕು ಗಂಟೆಗೆ ಆಸ್ಪತ್ರೆಯ ಸಮಿತಿ ಕೂತು, ತಂಗಿಯನ್ನು ಕೆಲಸದಿಂದ ತೆಗೆದು ಪೊಲೀಸರಿಗೆ ಒಪ್ಪಿಸಲಿತ್ತು. ಈಗ ಎರಡೂ ಇಪ್ಪತ್ತು.

"ನಾನು ಬಾಗಿಲ ಎದುರಿಗೇ ಕೂತು ಊಟ ಮಾಡ್ತಿದ್ದೆ ಅಕ್ಕ. ತೆರೆದಿದ್ರೆ ನನಗೆ ಚಳಿ ಆಗ್ತಿರಲಿಲ್ವಾ?" ಎಂದು ತಂಗಿ ಮೂರು ದಿನದಿಂದ ಇದೊಂದೇ ಮಾತು ಹೇಳುತ್ತಿದ್ದಳು. ಸಮಿತಿಯವರಿಗೆ ಚಳಿಯ ಲೆಕ್ಕ ಬೇಕಿರಲಿಲ್ಲ. ಅವರ ಬಳಿ ಡಬ್ಬಿಯ ಲೆಕ್ಕವಿತ್ತು: ಒಂದು ಗಂಟೆ ಹತ್ತು ನಿಮಿಷಕ್ಕೆ ತೆರೆಯಿತು, ಎರಡೂವರೆಗೆ ಮುಚ್ಚಿತು.

ಮೀಟರಮ್ಮನ ಅನುಮಾನ ಹುಟ್ಟಿದ್ದೂ ಅಲ್ಲೇ. ಇಪ್ಪತ್ತನಾಲ್ಕು ವರ್ಷ ಮನೆಮನೆ ತಿರುಗಿ ಕರೆಂಟ್ ಮೀಟರ್ ಓದಿದವಳು ಅವಳು. ಪತ್ತೇದಾರಿಕೆ ನಿವೃತ್ತಿಯಾದ ಮೇಲೆ ಹತ್ತಿಸಿಕೊಂಡ ಗೀಳು. ಮೀಟರಿನ ನಿಜವಾದ ಅಂಕಿ ಎಂದೂ ದುಂಡಗಿರುವುದಿಲ್ಲ ಎಂಬುದು ಅವಳ ಅನುಭವ. ಪುಸ್ತಕದಲ್ಲಿ ಇನ್ನೂರು, ಮುನ್ನೂರು ಎಂದು ದುಂಡಗೆ ಕಂಡರೆ ಓದುವವನು ಮರದ ನೆರಳಿನಲ್ಲಿ ಕೂತು ಬರೆದಿದ್ದಾನೆ ಎಂದೇ ಅರ್ಥ. ಮನುಷ್ಯರು ಮರೆತು ತೆರೆದಿಟ್ಟ ಬಾಗಿಲು ಎಂಬತ್ತು ನಿಮಿಷ ಸೊನ್ನೆ ಸೆಕೆಂಡಿಗೆ ಸರಿಯಾಗಿ ಮುಚ್ಚಿಕೊಳ್ಳುವುದು ಹೇಗೆ?

"ಅಳಿಯಂದ್ರೇ, ಇಲ್ಲಿ ಬನ್ನಿ" ಎಂದಳು. "ಇದನ್ನ ನನಗೆ ಅರ್ಥ ಆಗೋ ಹಾಗೆ ಹೇಳಿ. ಇವರು ಇದ್ದಾರೋ ಇಲ್ವೋ?"

ಅಳಿಯ ಪರದೆಯನ್ನೇ ನೋಡುತ್ತ ನಿಂತಿದ್ದ. ಗುಡಿಗೆ ಬಂದವನ ಹಾಗೆ ಚಪ್ಪಲಿ ಹೊರಗೆ ಬಿಟ್ಟು ಬಂದಿದ್ದ ಎಂಬುದನ್ನು ಮೀಟರಮ್ಮ ಆಗ ಗಮನಿಸಿದಳು.

"ಇಲ್ಲ ಅತ್ತೆ" ಎಂದ ಕೊನೆಗೆ. "ಮೇಷ್ಟ್ರು ಇಲ್ಲ. ಇದು ಅವರು ಕಟ್ಟಿಟ್ಟ ಏರ್ಪಾಡು. ಆ ಡಬ್ಬಿಗಳ ಪ್ರೋಗ್ರಾಮಿಗೆ ಹೊಸ ತಿದ್ದುಪಡಿ ಯಾವುದೇ ಬರಲಿ, ಈ ಹಲಗೆಗಳು ತಾವೇ ಅದನ್ನ ಇಳಿಸಿಕೊಂಡು, ಓಡಿಸಿ ನೋಡಿ, ಅವರ ಹೆಸರಲ್ಲಿ ಸಹಿ ಕಳಿಸುತ್ವೆ."

"ಅಂದ್ರೆ ಹೆಣದ ಹೆಬ್ಬೆಟ್ಟು."

"ಹಾಗನ್ನಬೇಡಿ."

"ಮತ್ತೆ ಹೇಗನ್ನಲಿ? ನನ್ನ ತಂಗಿ ಜೈಲಿಗೆ ಹೋಗ್ತಾಳೆ."

ಮೇಷ್ಟ್ರ ಹೆಂಡತಿ ಇಬ್ಬರನ್ನೂ ಪಿಳಿಪಿಳಿ ನೋಡಿ, ಕಾಫಿ ತರುತ್ತೇನೆಂದು ಒಳಗೆ ಹೋದರು. ಅವರಿಗೆ ಮಾತು ಜೋರಾದರೆ ಆಗದು ಎಂದು ಕಾಣುತ್ತದೆ.

ಅಳಿಯ ಕುರ್ಚಿಯ ಹತ್ತಿರ ಹೋದ, ಕೂರಲಿಲ್ಲ. ನಿಂತೇ ಹೇಳತೊಡಗಿದ. ಬೆಳಗ್ಗೆ ಒಮ್ಮೆ ಹೇಳಿದ್ದನ್ನೇ ಈಗ ಮತ್ತೆ ಬಿಡಿಸಿ ಹೇಳಿದ. ಆ ಪುಟ್ಟ ಡಬ್ಬಿಗೆ ಜೀವ ಕೊಡುವ ಆಪರೇಟಿಂಗ್ ಸಿಸ್ಟಮ್ ಯಾರೊಬ್ಬರ ಸ್ವತ್ತೂ ಅಲ್ಲ. ಎಲ್ಲೆಲ್ಲಿಯೋ ಇರುವ ಮುನ್ನೂರು ಜನ ಸೇರಿ ಬಹಿರಂಗವಾಗಿ ಬರೆದದ್ದು. ಯಾರು ಬೇಕಾದರೂ ಓದಬಹುದು, ಯಾರು ಬೇಕಾದರೂ ತಿದ್ದುಪಡಿ ಕಳಿಸಬಹುದು. ಆದರೆ ಅದು ಒಳಗೆ ಸೇರಬೇಕಾದರೆ ಇಬ್ಬರ ಸಹಿ ಬೇಕು. ಒಬ್ಬ ಆ ಭಾಗವನ್ನು ನೋಡಿಕೊಳ್ಳುವವನು. ಇನ್ನೊಬ್ಬ ಅದನ್ನು ನಿಜವಾದ ಹಲಗೆಯ ಮೇಲೆ ಓಡಿಸಿ ನೋಡಿದವನು. ಡಬ್ಬಿಗಳ ನಿದ್ದೆ ಮತ್ತು ಎಚ್ಚರದ ಭಾಗವನ್ನು ನೋಡಿಕೊಳ್ಳುತ್ತಿದ್ದವನು ಅಳಿಯನೇ.

ಸಂಬಳವಿಲ್ಲದ ಕೆಲಸ. ಮಗಳು ಈ ವಿಷಯ ತೆಗೆದಾಗಲೆಲ್ಲ ಮುಖ ಗಂಟಿಕ್ಕುತ್ತಿದ್ದಳು. "ಇವರಿಗೆ ಆ ಡಬ್ಬಿಗಳ ನಿದ್ದೆ ಮುಖ್ಯ ಅಮ್ಮ. ನನ್ನ ನಿದ್ದೆ ಅಲ್ಲ" ಎಂದಿದ್ದಳು ಒಮ್ಮೆ, ಕೈಗೂಸನ್ನು ಭುಜದ ಮೇಲೆ ತಟ್ಟುತ್ತ. ಮೀಟರಮ್ಮ ಅದನ್ನು ಗಂಡ ಹೆಂಡತಿ ಮಾತೆಂದು ನಕ್ಕು ಬಿಟ್ಟಿದ್ದಳು.

"ಡಬ್ಬಿ ಎಷ್ಟು ಹೊತ್ತು ಮಲಗುತ್ತೆ?" ಎಂದು ಈಗ ಕೇಳಿದಳು.

"ಹೆಚ್ಚು ಕಡಿಮೆ ಯಾವಾಗಲೂ. ಬಟನ್ನಿನಷ್ಟು ಬ್ಯಾಟರೀಲಿ ಎರಡು ವರ್ಷ ಬದುಕಬೇಕಲ್ಲ. ಬಾಗಿಲು ಅಲ್ಲಾಡಿದ್ರೆ ಏಳುತ್ತೆ, ನೋಡುತ್ತೆ, ಕಂಡದ್ದನ್ನ ಹೇಳುತ್ತೆ, ಮತ್ತೆ ಮಲಗುತ್ತೆ."

"ನಮ್ಮ ಆಫೀಸಲ್ಲೂ ಅಂಥ ಒಬ್ಬರಿದ್ರು. ಹೂಂ, ಆ ಆರು ವಾರದ ಹಿಂದಿನ ತಿದ್ದುಪಡಿ?"

"ಡಬ್ಬಿ ಮಾಡೋ ಕಂಪನಿಯವರು ಕಳಿಸಿದ್ದು. ಎದ್ದ ಮೇಲೆ ಕಣ್ಣುಜ್ಜಿಕೊಳ್ಳೋಕೆ ಅಂತ ಒಂದು ಚೂರು ಸಮಯ ಇಟ್ಟಿದ್ವಿ. ಸೆಕೆಂಡಿನಲ್ಲಿ ಹತ್ತನೇ ಒಂದು ಪಾಲು. ಅದನ್ನ ತೆಗೆದ್ರೆ ಬ್ಯಾಟರಿ ಇನ್ನೂ ಆರು ತಿಂಗಳು ಜಾಸ್ತಿ ಬರುತ್ತೆ."

"ಕಣ್ಣುಜ್ಜದೆ ನೋಡಿದ್ರೆ?"

"ಬೆಚ್ಚಗಿರೋ ಜಾಗದಲ್ಲಿ ಏನೂ ಆಗಲ್ಲ." ಅಳಿಯನ ದನಿ ಇಳಿಯಿತು. "ಚಳೀಲಿ ಬ್ಯಾಟರಿ ಸೋಲುತ್ತೆ ಅತ್ತೆ. ಒಂದೊಂದು ಸಲ ಡಬ್ಬಿಗೆ ಜ್ಞಾನ ತಪ್ಪಿ ಮತ್ತೆ ಎಚ್ಚರ ಆಗುತ್ತೆ. ಆಗ ಕಣ್ಣುಜ್ಜದೆ ನೋಡಿದ್ರೆ ಮುಚ್ಚಿದ ಬಾಗಿಲು ತೆರೆದ ಹಾಗೆ ಕಾಣಬಹುದು. ಕಂಡದ್ದನ್ನ ಹೇಳಿ, ಸುಸ್ತಾಗಿದೆ ಅಂತ ಉದ್ದ ನಿದ್ದೆಗೆ ಹೋಗುತ್ತೆ."

"ಎಷ್ಟು ಉದ್ದ?"

"ಎಂಬತ್ತು ನಿಮಿಷ."

ಮೀಟರಮ್ಮ ಅವನ ಮುಖವನ್ನೇ ನೋಡಿದಳು. ಅವನು ನೆಲ ನೋಡಿದ.

"ಇದು ನಿಮಗೆ ಯಾವಾಗ ಹೊಳೀತು?"

"ಬೆಳಗ್ಗೆ. ನೀವು ಎಂಬತ್ತು ನಿಮಿಷ ಸೊನ್ನೆ ಸೆಕೆಂಡು ಅಂದಾಗ."

"ಬೆಳಗ್ಗೆ ಹೊಳೆದದ್ದನ್ನ ಮಧ್ಯಾಹ್ನ ಎರಡೂವರೆಗೆ ಹೇಳ್ತಿದ್ದೀರಿ. ಅಲ್ಲಿ ಅವಳು ಬೆಳಗ್ಗೆಯಿಂದ ಒಂದು ತೊಟ್ಟು ನೀರು ಕುಡಿದಿಲ್ಲ."

"ಹೇಳೋದಕ್ಕೇನಿತ್ತು ಅತ್ತೆ? ಹಾಗಾಗಬಾರದು ಅಂತಲೇ ಮೇಷ್ಟ್ರು ಇದ್ದದ್ದು. ಪಾಠ ಹೇಳೋದು ಬಿಟ್ಟ ಮೇಲೆ ಹಳೇ ಫ್ರಿಜ್ ಒಂದರೊಳಗೆ ಈ ಹಲಗೆಗಳನ್ನ ಕೂರಿಸಿ, ಚಳೀಲಿ ಏನಾಗುತ್ತೆ ಅಂತ ನೋಡ್ತಿದ್ರು. ಅದಕ್ಕೇ ಆ ಹೆಸರು. ಅವರ ಫ್ರಿಜ್‌ನಲ್ಲಿ ಪಾಸಾದದ್ದು ಎಲ್ಲೂ ಫೇಲಾಗಿಲ್ಲ. ಈ ತಿದ್ದುಪಡೀನೂ ಪಾಸಾಗಿದೆ. ಅಂದ ಮೇಲೆ ಚಿಕ್ಕತ್ತೇನೇ ಬಾಗಿಲು…"

ಮಾತು ಮುಗಿಸುವ ಧೈರ್ಯ ಅವನಿಗಾಗಲಿಲ್ಲ. ಮೀಟರಮ್ಮನಿಗೆ ಸಿಟ್ಟು ನೆತ್ತಿಗೇರಿತು. ಮಗಳ ಗಂಡ ಎಂಬ ಮರ್ಯಾದೆಯನ್ನು ಮೂರು ವರ್ಷದಿಂದ ಜೋಪಾನವಾಗಿ ಇಟ್ಟುಕೊಂಡು ಬಂದಿದ್ದಳು. ಅದು ಈಗ ಕೈತಪ್ಪುವ ಹಾಗಿತ್ತು.

"ಮೇಷ್ಟ್ರು ಹೋದದ್ದು ನಿಮ್ಮ ಮುನ್ನೂರು ಜನಕ್ಕೂ ಗೊತ್ತಿತ್ತಾ?"

"ಗೊತ್ತಿತ್ತು. ಎಲ್ಲರೂ ಎರಡೆರಡು ಸಾಲು ಬರೆದಿದ್ವಿ."

"ಗೊತ್ತಿದ್ದೂ ಅವರ ಸಹಿ ತಗೊಂಡ್ರಾ? ನೀವು?"

ಅಳಿಯ ಕುರ್ಚಿಯ ಬೆನ್ನು ಹಿಡಿದುಕೊಂಡ. ಕಪಾಟಿನ ಮೇಲೆ ದೀಪಗಳು ಹತ್ತಿ ಆರುತ್ತಿದ್ದವು.

"ಅವರು ಹೋದ ಮಾರನೇ ದಿನ ನಾನೊಂದು ತಿದ್ದುಪಡಿ ಹಾಕಿದ್ದೆ ಅತ್ತೆ. ಹತ್ತು ನಿಮಿಷಕ್ಕೆ ಅವರ ಸಹಿ ಬಂತು. ಸರಿಯಿದೆ ಅಂತ. ನಾನು ಕಂಪ್ಯೂಟರ್ ಮುಂದೆ ಕೂತು ಅತ್ತುಬಿಟ್ಟೆ. ಇದನ್ನ ನಿಲ್ಲಿಸಬೇಕು ಅಂತ ಯಾರೂ ಹೇಳಲಿಲ್ಲ. ನಾನೂ ಹೇಳಲಿಲ್ಲ. ನನಗೆ ಕೆಲಸ ಕಲಿಸಿದ್ದೇ ಅವರು. ಒಮ್ಮೆನೂ ಮುಖ ನೋಡಿರಲಿಲ್ಲ, ಬರೀ ಬರಹದಲ್ಲೇ. ಆ ಹೆಸರು ಬರೋದು ನಿಂತ ದಿನ ಅವರು ನಿಜವಾಗಿ ಹೋದ ಹಾಗೆ ಅನ್ನಿಸ್ತಿತ್ತು."

ಮೀಟರಮ್ಮನ ಸಿಟ್ಟು ಅರ್ಧಕ್ಕೆ ನಿಂತಿತು. ಇಂಥ ಮೂರ್ಖತನವನ್ನು ಬೈಯುವುದು ಹೇಗೆಂದು ಅವಳಿಗೆ ಗೊತ್ತಿರಲಿಲ್ಲ. ಲಂಚ ತಿಂದವರನ್ನು ನೋಡಿದ್ದಳು, ಸೋಮಾರಿಗಳನ್ನು ನೋಡಿದ್ದಳು, ಪ್ರೀತಿಗೆ ಕಣ್ಣು ಮುಚ್ಚಿಕೊಂಡು ಕಾಗದ ದಾಟಿಸಿದವರನ್ನು ಇದೇ ಮೊದಲು ನೋಡುತ್ತಿದ್ದಳು. ಪಾಪ ಅನ್ನಿಸಿತು, ಕಪಾಳಕ್ಕೆ ಬಿಡಬೇಕು ಎಂದೂ ಅನ್ನಿಸಿತು.

ಎರಡನ್ನೂ ಮಾಡದೆ ಕಪಾಟಿನ ಕಡೆ ತಿರುಗಿದಳು. ಒಂದು ಹಲಗೆಯ ಮೇಲೆ ಬೆರಳಿಟ್ಟಳು. ಕೋಣೆಯಷ್ಟೇ ಬೆಚ್ಚಗಿತ್ತು.

"ಅಳಿಯಂದ್ರೇ."

"ಹೇಳಿ ಅತ್ತೆ."

"ಯಾವ ಫ್ರಿಜ್?"

ಅವನು ತಲೆಯೆತ್ತಿದ. ಕಪಾಟು ನೋಡಿದ. ಇಪ್ಪತ್ತೆರಡು ಹಲಗೆಗಳು ಬಿಸಿಲು ಬೀಳುವ ಕಿಟಕಿಯ ಪಕ್ಕ, ತೆರೆದ ಮರದ ಕಪಾಟಿನ ಮೇಲೆ ಅಚ್ಚುಕಟ್ಟಾಗಿ ಕೂತಿದ್ದವು. ಕೋಣೆಯ ಮೂಲೆಯಲ್ಲಿ ಒಂದು ಹಳೇ ಫ್ರಿಜ್ ಗೋಡೆಗೆ ಬೆನ್ನು ಕೊಟ್ಟು ನಿಂತಿತ್ತು. ಅದರ ತಲೆಯ ಮೇಲೆ ಮಡಿಸಿದ ಹೊದಿಕೆಗಳಿದ್ದವು. ವೈರು ಸುತ್ತಿ ಹಿಂದಕ್ಕೆ ಸಿಕ್ಕಿಸಿತ್ತು.

ಅಳಿಯನ ಮುಖ ಬಿಳಿಚಿಕೊಂಡಿತು. ಈ ಸಲ ಅವನು ಮೇಷ್ಟ್ರ ಕುರ್ಚಿಯ ಮೇಲೇ ಕೂತುಬಿಟ್ಟ.

"ಹೊರಗಿವೆ" ಎಂದ. "ಇವು ಚಳೀಲಿ ಓಡಿಲ್ಲ. ಹೊರಗೆ ಬೆಚ್ಚಗೆ ಕೂತು, ಸರಿಯಿದೆ ಸರಿಯಿದೆ ಅಂತ…"

"ಯಾವಾಗಿಂದ ಹೊರಗಿವೆ ಅನ್ನೋದು ಮುಖ್ಯ" ಎಂದಳು ಮೀಟರಮ್ಮ. ಆರು ವಾರದ ಹಿಂದೆ ಪರೀಕ್ಷೆ ನಡೆದಾಗ ಹಲಗೆಗಳು ಹೊರಗಿದ್ದರೆ ತಂಗಿ ಉಳಿದಳು. ಆಮೇಲೆ ಹೊರಗೆ ಬಂದಿದ್ದರೆ ಮುಗಿಯಿತು.

ಕಾಫಿ ತಂದ ಮೇಷ್ಟ್ರ ಹೆಂಡತಿಯನ್ನು ಕೂರಿಸಿಕೊಂಡು ಕೇಳಿದಳು. "ಅಮ್ಮ, ಈ ಹಲಗೆಗಳನ್ನ ಫ್ರಿಜ್‌ನಿಂದ ತೆಗೆದದ್ದು ಯಾವಾಗ?"

"ಮೊನ್ನೆ ಮೊನ್ನೆ ಇರಬೇಕು. ಇಲ್ಲ, ಆಗ ಕಿಟಕಿ ಮುಚ್ಚಿರ್ತಿತ್ತು, ಚಳಿ ಇತ್ತು." ಅವರು ಯೋಚಿಸಿದರು. "ಅವರು ಹೋದ ಮೇಲೇನೇ. ಅಥವಾ ಸ್ವಲ್ಪ ಮುಂಚೆಯೋ. ನನಗೆ ದಿನಗಳೆಲ್ಲ ಒಂದೇ ಥರ ಕಾಣುತ್ತಮ್ಮ ಈಗ."

"ಒಂದು ತಿಂಗಳಾಯ್ತಾ? ಎರಡಾಯ್ತಾ?"

"ಎರಡು ಅಂತೀರಾ? ಇರಬಹುದು. ಒಂದೂ ಇರಬಹುದು."

ಅಳಿಯ ತಲೆ ಮೇಲೆ ಕೈ ಹೊತ್ತುಕೊಂಡ. ಮೀಟರಮ್ಮ ಕಾಫಿಯನ್ನು ಒಂದೇ ಗುಟುಕಿಗೆ ಕುಡಿದು ಎದ್ದಳು. ಮನುಷ್ಯರ ನೆನಪನ್ನು ಅವಳು ಯಾವತ್ತೂ ಪೂರ್ತಿ ನಂಬಿದವಳಲ್ಲ. ಎಲ್ಲ ಮನೆಯಲ್ಲೂ ನೆನಪಿಟ್ಟುಕೊಳ್ಳುವ ಇನ್ನೊಂದು ವಸ್ತು ಇರುತ್ತದೆ, ಸಾಮಾನ್ಯವಾಗಿ ಮೆಟ್ಟಿಲ ಕೆಳಗೆ.

ಈ ಮನೆಯಲ್ಲೂ ಅದು ಮೆಟ್ಟಿಲ ಕೆಳಗೇ ಇತ್ತು. ಜೇಡರ ಬಲೆ ಸರಿಸಿ ನೋಡಿದಳು. ಮೀಟರಿನ ಪಕ್ಕದ ಮೊಳೆಗೆ ದಾರ ಕಟ್ಟಿ ಒಂದು ಕಾರ್ಡು ನೇತು ಹಾಕಿತ್ತು. ತಿಂಗಳಿಗೊಮ್ಮೆ ಬಂದವರು ತಾರೀಕು, ಅಂಕಿ, ಸುಟ್ಟ ಯೂನಿಟ್ಟು ಬರೆದು ಹೋಗುವ ಕಾರ್ಡು. ಅವಳು ತಾನೇ ಇಂಥ ಸಾವಿರಾರು ಕಾರ್ಡು ತುಂಬಿದ್ದಳು. ಬರೆದ ಕೈ ಯಾರದೋ ಗೊತ್ತಿಲ್ಲ, ಒಳ್ಳೆಯ ಕೈ. ದುಂಡು ಅಂಕಿ ಒಂದೂ ಇರಲಿಲ್ಲ.

ನೂರಾ ಹದಿನೆಂಟು. ನೂರಾ ಇಪ್ಪತ್ತೊಂದು. ನೂರಾ ಹದಿನಾರು. ಹೀಗೇ ಸಾಗಿದ ಸಾಲು ಒಂದು ಕಡೆ ತಟ್ಟನೆ ಇಳಿದಿತ್ತು. ಅರವತ್ತೊಂಬತ್ತು. ಅದರ ಕೆಳಗೆ ಅರವತ್ತೆಂಟು. ಅದರ ಕೆಳಗೆ ಎಪ್ಪತ್ತೊಂದು.

"ಅಳಿಯಂದ್ರೇ, ಆ ಇಪ್ಪತ್ತೆರಡು ಹಲಗೆ ತಿಂಗಳಿಗೆ ಎಷ್ಟು ಕರೆಂಟು ತಿನ್ನುತ್ವೆ?"

"ಏನೂ ಇಲ್ಲ ಅತ್ತೆ. ಮೀಟರಿಗೆ ಗೊತ್ತೂ ಆಗಲ್ಲ."

"ಹಳೇ ಫ್ರಿಜ್ ಸುಮಾರು ಐವತ್ತು ತಿನ್ನುತ್ತೆ. ಅದು ನನಗೆ ಗೊತ್ತು." ಕಾರ್ಡನ್ನು ಬೆಳಕಿಗೆ ಹಿಡಿದಳು. "ಇದು ಮೂರು ಓದಿನ ಹಿಂದೆ ನಿಂತಿದೆ. ಅಂದ್ರೆ ಫ್ರಿಜ್ ಆರಿಸಿ ಮೂರು ತಿಂಗಳು ತುಂಬಿದೆ. ನಿಮ್ಮ ತಿದ್ದುಪಡಿ ಪರೀಕ್ಷೆ ಆಗಿ ಆರು ವಾರ."

ಅಳಿಯ ಕಾರ್ಡನ್ನು ನೋಡಿದ, ಅವಳನ್ನು ನೋಡಿದ. ಅವನ ಕಣ್ಣಲ್ಲಿ ನೀರು ತುಂಬಿತ್ತು. ಸಂತೋಷಕ್ಕೋ ನಾಚಿಕೆಗೋ ಅವನಿಗೇ ಗೊತ್ತಿದ್ದಂತೆ ಕಾಣಲಿಲ್ಲ.

"ಚಿಕ್ಕತ್ತೆ ಬಾಗಿಲು ತೆರೆದಿಲ್ಲ" ಎಂದ.

"ಅವಳು ಮೂರು ದಿನದಿಂದ ಅದನ್ನೇ ಹೇಳ್ತಿದ್ದಾಳೆ" ಎಂದಳು ಮೀಟರಮ್ಮ.

ಗಂಟೆ ಮೂರಾಗಿತ್ತು. ಅಳಿಯ ಮೇಷ್ಟ್ರ ಮೇಜಿನ ಮುಂದೆ ಕೂತು ಸಮಿತಿಗೆ ಕಾಗದ ಬರೆಯತೊಡಗಿದ. ಅದೇ ಕಾಗದವನ್ನು ಮುನ್ನೂರು ಜನಕ್ಕೂ ಕಳಿಸುತ್ತೇನೆ ಎಂದ. ಪರೀಕ್ಷೆ ನಡೆಯದ ತಿದ್ದುಪಡಿಗೆ ಒಪ್ಪಿಗೆ ಕೊಟ್ಟವನು ನಾನು, ತಪ್ಪು ನನ್ನದು ಎಂದು ಮೊದಲ ಸಾಲಿನಲ್ಲೇ ಬರೆದ. ಮೀಟರಮ್ಮ ಅವನ ಭುಜದ ಮೇಲೆ ಒಂದು ಕ್ಷಣ ಕೈಯಿಟ್ಟಳು. ಮಗಳ ಮದುವೆಯಾದ ಮೇಲೆ ಅವಳು ಹಾಗೆ ಮಾಡಿದ್ದು ಮೊದಲ ಸಲ.

ಆದರೂ ಒಂದು ಪ್ರಶ್ನೆ ಗಂಟಲಲ್ಲಿ ಸಿಕ್ಕಿಕೊಂಡ ಮುಳ್ಳಿನ ಹಾಗೆ ಉಳಿದಿತ್ತು. ದಿನಾ ಧೂಳು ಒರೆಸುವ ಈ ಮುದುಕಿ, ಗಂಡ ಕೆಲಸದಲ್ಲಿದ್ದಾರೆ ಎಂದು ಪಿಸುಗುಟ್ಟಿ ಮಾತಾಡುವವರು, ಗಂಡ ಕೂರಿಸಿದ ಹಲಗೆಗಳನ್ನು ತಾವಾಗಿ ಕಿತ್ತು ಹೊರಗಿಟ್ಟಾರೆಯೇ? ಅಡುಗೆಮನೆಗೆ ಹೋಗಿ ಲೋಟ ತೊಳೆಯುತ್ತಿದ್ದ ಅವರ ಪಕ್ಕ ನಿಂತಳು.

"ಅಮ್ಮ, ಹಲಗೆ ಹೊರಗಿಡಬೇಕು ಅಂತ ನಿಮಗೆ ಯಾಕೆ ಅನ್ನಿಸ್ತು?"

"ನನಗ್ಯಾಕೆ ಅನ್ನಿಸುತ್ತೆ? ನಾನು ಮುಟ್ಟೋದೇ ಇಲ್ಲ, ಒರೆಸೋದು ಮಾತ್ರ. ಆ ಹುಡುಗಿ ತೆಗೆದಿಟ್ಟಳು."

"ಯಾವ ಹುಡುಗಿ?"

"ಇವರ ಜೊತೆ ಕೆಲಸ ಮಾಡೋರ ಕಡೆಯವಳು ಅಂತ ಬಂದಿದ್ಲು. ಒಳ್ಳೇ ಹುಡುಗಿ, ಬಂದವಳೇ ನನ್ನ ಕಾಲುನೋವು ವಿಚಾರಿಸಿದ್ಲು. ಫ್ರಿಜ್ ಮೈಗೆಲ್ಲ ಕರೆಂಟ್ ಹರೀತಿದೆ ಅಮ್ಮ, ಮುಟ್ಟಿದ್ರೆ ಹೊಡೆಯುತ್ತೆ, ಒಂಟಿ ಇದ್ದೀರಿ ಅಂದ್ಲು. ಟೆಸ್ಟರ್ ಇಟ್ಟು ತೋರಿಸಿದ್ಲು. ಕೆಂಪಗೆ ಉರೀತು. ನನಗೆ ಜೀವವೇ ಬಾಯಿಗೆ ಬಂತು. ಅವಳೇ ಆರಿಸಿ, ಎಲ್ಲ ಹೊರಗೆ ಜೋಡಿಸಿ ಕೊಟ್ಟು ಹೋದ್ಲು."

"ಟೆಸ್ಟರ್ ಎಲ್ಲಿ ಇಟ್ಟು ತೋರಿಸಿದ್ಲು? ಫ್ರಿಜ್ ಮೇಲಾ?"

ಮೇಷ್ಟ್ರ ಹೆಂಡತಿ ಒದ್ದೆ ಕೈ ಒರೆಸಿಕೊಂಡು ಕೋಣೆಯ ಬಾಗಿಲ ತನಕ ನಡೆದು ಗೋಡೆಯ ಕಡೆ ತೋರಿಸಿದರು. ಫ್ರಿಜ್ಜಿನ ಪಕ್ಕದ ಪ್ಲಗ್ಗಿನ ತೂತು.

ಮೀಟರಮ್ಮ ಬಗ್ಗಿ ಅದನ್ನೇ ನೋಡಿದಳು. ಆ ತೂತಿಗೆ ಇಟ್ಟರೆ ಯಾವ ಮನೆಯಲ್ಲಿ ಬೇಕಾದರೂ ಟೆಸ್ಟರ್ ಉರಿಯುತ್ತದೆ. ಉರಿಯದಿದ್ದರೆ ಕರೆಂಟ್ ಹೋಗಿದೆ ಎಂದರ್ಥ, ಅಷ್ಟೇ. ಗೊತ್ತಿಲ್ಲದವರನ್ನು ಹೆದರಿಸಲು ಇದಕ್ಕಿಂತ ಸುಲಭದ ಉಪಾಯವಿಲ್ಲ. ಅವಳೇ ಇದನ್ನು ಮನೆಯಲ್ಲಿ ಎಷ್ಟೋ ಸಲ ತಮಾಷೆಗೆ ಹೇಳಿ ನಗಿಸಿದ್ದಳು.

ಹಾಗಾದರೆ ಇದು ಪ್ರಮಾದವಲ್ಲ. ಯಾರೋ ಬೇಕೆಂದೇ ಮಾಡಿದ್ದು.

"ಅವಳು ಹೇಗಿದ್ಲು? ಹೆಸರು ಹೇಳಿದ್ಲಾ?"

"ಹೆಸರು ಕೇಳಲಿಲ್ಲ ನಾನು. ಟೆಸ್ಟರ್ ಇಲ್ಲೇ ಮರೆತು ಹೋಗಿದ್ದಾಳೆ, ನೋಡಿ." ಡ್ರಾಯರ್ ಎಳೆದು, ಚಮಚಗಳ ನಡುವೆ ತಡಕಾಡಿ, ಅವರು ಅದನ್ನು ಮೀಟರಮ್ಮನ ಅಂಗೈಯಲ್ಲಿ ಇಟ್ಟರು.

ಕೆಂಪು ಹಿಡಿ. ಹಿಡಿ ಸೀಳಿದ ಕಡೆ ಹಳದಿ ಟೇಪಿನ ಎರಡು ಸುತ್ತು. ತುದಿಯಲ್ಲಿ ಬ್ಲೇಡಿನಿಂದ ಗೀರಿದ ಮೂರು ಗೆರೆ.

ಆ ಮೂರು ಗೆರೆ ಗೀರಿದವಳು ಮೀಟರಮ್ಮನೇ. ಆಫೀಸಿನಲ್ಲಿ ಒಬ್ಬರ ಟೆಸ್ಟರ್ ಇನ್ನೊಬ್ಬರು ಹಾರಿಸುತ್ತಿದ್ದರು ಎಂದು ಗುರುತಿಗೆ ಗೀರಿದ್ದು. ಇಪ್ಪತ್ತು ವರ್ಷ ಅವಳ ಚೀಲದಲ್ಲಿ ಓಡಾಡಿದ ವಸ್ತು. ಮದುವೆಯಾಗಿ ಹೊಸ ಮನೆ ಹೂಡಿದ ಮಗಳಿಗೆ, ಪಾತ್ರೆ ಪಗಡಿ ಎಲ್ಲರೂ ಕೊಡುತ್ತಾರೆ ಇದು ನಾನು ಕೊಡುವುದು ಎಂದು, ತಾನೇ ಕೈಗಿಟ್ಟು ಬಂದಿದ್ದಳು.

ಅವಳು ಟೆಸ್ಟರನ್ನು ಮುಷ್ಟಿಯೊಳಗೆ ಮುಚ್ಚಿಕೊಂಡಳು. ಕೋಣೆಯಲ್ಲಿ ಅಳಿಯನ ಬೆರಳುಗಳು ಪಟಪಟ ಓಡುತ್ತಿದ್ದ ಸದ್ದು ಕೇಳಿಸುತ್ತಿತ್ತು. ಅವನು ಹಣೆ ಚಚ್ಚಿಕೊಂಡದ್ದು ನಿಜ, ಅತ್ತದ್ದು ನಿಜ. ಅವನಿಗೆ ಏನೂ ಗೊತ್ತಿಲ್ಲ.

ಮಗಳೇ? ಯಾಕೆ? ಗಂಡನ ಹೆಸರು ಕೆಡಲಿ ಎಂದೋ? ಗಂಡ ಆ ಡಬ್ಬಿಗಳನ್ನು ಬಿಟ್ಟು ಮನೆಗೆ ಬರಲಿ ಎಂದೋ? ಹಲಗೆ ಹೊರಗಿಟ್ಟರೆ ಇನ್ನೆಲ್ಲೋ ಒಂದು ಶೀತಲ ಕೋಣೆಯಲ್ಲಿ ಏನಾದೀತೆಂದು ಅವಳಿಗೆ ಗೊತ್ತಿತ್ತೇ? ಗೊತ್ತಿದ್ದು ಮಾಡಿದಳೇ? ಹೆತ್ತವಳಿಗೆ ಮಗಳ ಮುಖ ಕಣ್ಣ ಮುಂದೆ ತಂದುಕೊಳ್ಳಲು ಹೋದರೆ ಕೈಗೂಸನ್ನು ತಟ್ಟುತ್ತಿದ್ದ ಭುಜ ಮಾತ್ರ ಬರುತ್ತಿತ್ತು.

ಚೀಲದಲ್ಲಿದ್ದ ಫೋನು ಬಡಿದುಕೊಂಡಿತು. ತಂಗಿ.

"ಅಕ್ಕ, ಏನಾದ್ರೂ ಸಿಕ್ತಾ?"

"ಸಿಕ್ತು" ಎಂದಳು ಮೀಟರಮ್ಮ. "ನೀನು ಬಾಗಿಲು ತೆರೆದಿಲ್ಲ. ನನ್ನ ಹತ್ರ ರುಜುವಾತಿದೆ."

ಅತ್ತ ಕಡೆ ಬಿಕ್ಕುವ ಸದ್ದು. ಆಮೇಲೆ ತಂಗಿ ಮೂಗು ಸೀಟಿಕೊಂಡು ಹೇಳಿದಳು. "ಅಧ್ಯಕ್ಷರು ಈಗಷ್ಟೇ ಬಂದು ಹೇಳಿ ಹೋದ್ರು ಅಕ್ಕ. ಯಂತ್ರದ ತಪ್ಪು, ಗಾಳಿಯ ತಪ್ಪು ಅಂತ ಬಂದ್ರೆ ಕೇಳಲ್ಲವಂತೆ. ಎರಡು ಸಾವಿರ ಮಕ್ಕಳ ಲಸಿಕೆ. ನೀನಲ್ಲ ಅಂದ್ರೆ ಮತ್ತೆ ಯಾರು ಅಂತ ಹೆಸರು ಬೇಕಂತೆ. ಹೆಸರು ಸಿಗದಿದ್ರೆ ನಾನೇ. ಯಾರು ಅಂತ ಗೊತ್ತಾಯ್ತಾ?"

ಮೀಟರಮ್ಮ ಬಾಯಿ ತೆರೆದಳು. ಒಳಗೆ ಒಬ್ಬ ತನ್ನ ಹೆಸರನ್ನು ತಾನೇ ಬರೆದುಕೊಳ್ಳುತ್ತ ಕೂತಿದ್ದ. ಸುಮ್ಮನಿದ್ದರೆ ಸಾಕು, ಆ ಹೆಸರು ನಾಲ್ಕು ಗಂಟೆಗೆ ಸಮಿತಿಯ ಮೇಜಿನ ಮೇಲಿರುತ್ತದೆ. ತಂಗಿ ಉಳಿಯುತ್ತಾಳೆ, ಮಗಳೂ ಉಳಿಯುತ್ತಾಳೆ.

ಮುಷ್ಟಿಯನ್ನು ಚೀಲದೊಳಗೆ ಇಳಿಸಿದಳು.

"ಅಯ್ಯೋ, ಅದನ್ನ ಇಲ್ಲೇ ಇಡಿ" ಎಂದರು ಮೇಷ್ಟ್ರ ಹೆಂಡತಿ ಮೆಲ್ಲಗೆ. "ಆ ಹುಡುಗಿ ಬೆಳಗ್ಗೆ ಒಂಬತ್ತೂವರೆಗೆ ಫೋನ್ ಮಾಡಿದ್ಲು. ಇಷ್ಟು ದಿನ ಇಲ್ಲದ್ದು, ಇವತ್ತೇ ಬಂದು ಟೆಸ್ಟರ್ ತಗೋತೀನಿ ಅಂದಿದ್ದಾಳೆ. ಮೂರೂವರೆಗೆ."

ಬೆಳಗ್ಗೆ ಅಳಿಯನ ಮನೆಯಿಂದ ಹಿಂದಿರುಗಿದ ಮೇಲೆ, ಒಂಬತ್ತಕ್ಕೆ, ಮೀಟರಮ್ಮ ಮಗಳಿಗೆ ಫೋನು ಮಾಡಿದ್ದಳು. ಫ್ರಿಜ್ ಮೇಷ್ಟ್ರು ಅನ್ನೋರ ಮನೆ ಹುಡುಕಬೇಕು, ನಿನ್ನ ಗಂಡನ್ನ ಕಳಿಸಿಕೊಡು ಎಂದು ಅವಳೇ, ತನ್ನ ಬಾಯಾರೆ ಹೇಳಿದ್ದಳು.

"ಅಕ್ಕ, ಯಾರು? ಹೇಳು" ಎಂದಳು ತಂಗಿ ಕಿವಿಯಲ್ಲಿ.

"ಅತ್ತೆ, ಮುಗೀತು. ಸಹಿ ಹಾಕಿ ಕಳಿಸಿಬಿಡಲಾ?" ಎಂದ ಅಳಿಯ ಕೋಣೆಯಿಂದ.

ಗೇಟಿನ ಚಿಲಕ ಸರಿಯಿತು. ಅಂಗಳದಲ್ಲಿ ಮಗುವೊಂದು ಕೇಕೆ ಹಾಕಿತು. ಅದನ್ನು ಸುಮ್ಮನಾಗಿಸುತ್ತ, ಮೀಟರಮ್ಮ ತಾನೇ ಮಾತು ಕಲಿಸಿದ ದನಿಯೊಂದು ಬಾಗಿಲಾಚೆಯಿಂದ ಕೇಳಿತು.

"ಅಮ್ಮ, ಇದ್ದೀರಾ? ನಾನು, ಟೆಸ್ಟರ್ ತಗೊಂಡು ಹೋಗೋಕೆ ಬಂದೆ."